ಹತ್ತನೇ ಸಾಲು

ನಲವತ್ತು ರೂಪಾಯಿ ತಾಳೆ ಆಗವಲ್ದು.
ರಾತ್ರಿ ಹನ್ನೊಂದಾತು. ಶಹಾಬಜಾರ ನಾಕಾದಾಗ
ಕೊನೀ ಆಟೋನೂ ಹೋಗ್ಯಾದ.
ಹಂಚು ಆರ್ಯಾವ, ನಾನು ಆರಿಲ್ಲ.
ಹಿಟ್ಟಿನ ಕೈಲೆ ತಿರುವಿದ ವಹಿ,
ಹಾಳಿ ಹಾಳಿಗೂ ಜ್ವಾಳದ ವಾಸನಿ.

ಮೊದಲ ವರ್ಷ ಒಂದೇ ಡಬ್ಬಿ ಇತ್ತು, ಬಿಸ್ಕೀಟಿಂದು.
ರೊಟ್ಟಿ ಮಾರಿದ ರೊಕ್ಕ ಅದರಾಗೇ,
ಮಗನ ಫೀಜು ಅದರಾಗಿಂದೇ,
ಅತ್ತಿ ಬಿಪಿ ಗುಳಿಗಿ, ಗಿರಣಿ ಬಾಕಿ, ಪಂಚಮಿ ಬಳಿ.
ಲಾಭ ಎಷ್ಟ್ರೀ ಅಂತ ಬ್ಯಾಂಕಿನವ ಕೇಳಿದ್ರ
ಡಬ್ಬಿ ಅಲ್ಲಾಡಿಸಿ ತೋರಿಸ್ದೆ.
ಅವ ನಗಲಿಲ್ಲ. ಅದಕ್ಕೇ ನನಗ ನಾಚಿಕಿ ಆತು.

ಈಗ ಮನೀದು ಬ್ಯಾರೆ, ಅಂಗಡೀದು ಬ್ಯಾರೆ.
ಅಂಗಡಿ ಡಬ್ಬಿಯಿಂದ ಸೀರಿಗೆ ಐನೂರು ತಗೊಂಡ್ರ
"ಜಗದೇವಿ, ಕೈಗಡ" ಅಂತ ಬರೀಬೇಕು.
ನನಗ ನಾನೇ ಕೊಟ್ಟ ಸಾಲಕ್ಕ
ತಗಾದಿಗೆ ಬರೋಕಿನೂ ನಾನೇ.

ಶೇಂಗಾ ಹಿಂಡಿ ಪಾಕೀಟಿನ ಮ್ಯಾಲಿನ ತೆರಿಗಿಗೆ
ಮೂರನೇದೊಂದು ಡಬ್ಬಿ. ಅದಕ್ಕ ಕೈ ಹಚ್ಚಂಗಿಲ್ಲ.
ಗಿರಾಕಿ ಕೊಟ್ಟಾಗ ನಂದೇ ಅನಿಸ್ತದ,
ಇಪ್ಪತ್ತನೇ ತಾರೀಖಿಗೆ ಗೊತ್ತಾಗ್ತದ,
ಅದು ಬೀಗರು ಇಟ್ಟು ಹೋದ ಗಂಟು.

ಸೋಮವಾರ ಗುಂಡೇರಾವ ಕಾಕಾ ಬಂದಿದ್ದ, ಲೆಕ್ಕ ನೋಡಾಕ.
ಪಗಾರದ ಪುಸ್ತಕ ಮ್ಯಾಲಿಂದ ತೆಳಗ ಓದ್ದ.
ಒಂಬತ್ತು ಹೆಸರು.
"ಆ ಹೊಸ ಹುಡುಗಿ?"
"ತಸ್ಲೀಮಾ. ಹದಿನೈದು ದಿನ ಆತು ಬಂದು."
ಪೆನ್ನು ಕಿವಿಗೆ ಸಿಗಿಸಿ ದನಿ ಇಳಿಸ್ದ:
"ಹತ್ತಾದ್ರ ಇ.ಎಸ್.ಐ. ಬರ್ತದ ತಂಗಿ.
ಅವರ ಪಗಾರದಾಗ ನೂರಕ್ಕ ಮುಕ್ಕಾಲು,
ನಿನ್ನ ಕೈಯಿಂದ ಮೂರೂಕಾಲು,
ಒಬ್ಬಾಕಿಗಲ್ಲ, ಹತ್ತೂ ಮಂದಿಗೆ.
ಹೆಸರ್ಯಾಕ ಬರೀತಿ? ರೊಟ್ಟಿ ಬಡೀಲಿ, ರೊಕ್ಕ ಒಯ್ಲಿ."
ಕೆಟ್ಟವ ಅಲ್ಲ ಕಾಕಾ. ನನ್ನ ಉಳಿತಾಯ ನೋಡ್ದ.

ನಾನು ಹೋದ ವರ್ಷದ ವಹಿ ತೆಗದೆ.
ಶ್ರಾವಣ, ಮದಿವಿ ಆರ್ಡರು, ಎರಡು ಸಾವಿರ ರೊಟ್ಟಿ,
ಅಂಬವ್ವನ ಅಂಗೈ ಹಂಚಿಗೆ ಹತ್ತಿದ ದಿನ.
ದವಾಖಾನಿಗೆ ಮೂರು ಸಾವಿರದ ಎರಡುನೂರು.
ಯಾವ ಕಾಲಮ್ಮಿಗೆ ಬರೀಲಿ? ಗ್ಯಾಸು? ಹಿಟ್ಟು? ಬಾಡಿಗಿ?
ಕಡೀಗೆ "ಇತರೆ" ಅಂತ ಬರ್ದಿದ್ದೆ.
ಒಂದು ಕೈ. ಇತರೆ.

ಹತ್ತನೇ ಸಾಲು ಎಳದೆ.
ಸ್ಕೇಲು ಜಾರಿ ಸೊಟ್ಟ ಆತು, ಇರ್ಲಿ.

ಅಷ್ಟಕ್ಕ ಮುಗೀಲಿಲ್ಲ. ನೋಂದಣಿಗೆ ಬೆರಳು ಒತ್ತಬೇಕಂತ.
ಇವತ್ತು ಮಧ್ಯಾಹ್ನ ಒಲಿ ಆರಿಸಿ ಹತ್ತೂ ಮಂದಿ
ಸೂಪರ್ ಮಾರ್ಕೆಟ್ಟಿನ ಸೈಬರಿನ ಮುಂದ ಪಾಳಿ ನಿಂತ್ರು.
ಮಷೀನು ಕೆಂಪು ದೀಪ ಹಚ್ಚಿತು.
ಸೆರಗಿಗೆ ಒರಸಿ ಒತ್ತಿದ್ರೂ ಕೆಂಪು,
ಎಣ್ಣಿ ಹಚ್ಚಿ ಒತ್ತಿದ್ರೂ ಕೆಂಪು.
"ಗೆರಿನೇ ಇಲ್ಲಲ್ಲಾ ಆಂಟಿ" ಅಂದ ಹುಡುಗ.
ಇಪ್ಪತ್ತು ವರ್ಷ ಬಡ್ದ ಕೈ,
ಜ್ವಾಳ ಎಲ್ಲಾ ಒರಸಿಕೊಂಡು ಹೋಗ್ಯಾದ.
ತಸ್ಲೀಮಾಂದು ಮಾತ್ರ ಹಸಿರು ಬಂತು.
ಹದಿನೈದೇ ದಿನದ ಬೆರಳು.
ಅಂಬವ್ವ ಆಕಿ ಕೈ ಹಿಡದು ನೋಡಿದ್ಳು,
ಹೊಸ ನೋಟು ನೋಡಿದಂಗ, ಬೆಳಕಿಗೆ ಎತ್ತಿ.

ಉಳಿದವರಿಗೆ ಮೊಬೈಲಿಗೆ ನಂಬರು ಬರ್ತದಂತ.
ಅರ್ಧ ಮಂದೀದು ಮೊಬೈಲು ಗಂಡಂದಿರ ಕಿಸೆದಾಗ.
ನಾಳಿ ಮತ್ತ ಹೋಗಬೇಕು.

ನಲವತ್ತು ಇನ್ನೂ ಸಿಕ್ಕಿಲ್ಲ.
ಡಬ್ಬಿ ಮೂರೂ ಬೋರಲು ಹಾಕ್ದೆ:
ಒಂದು ಗುಂಡುಪಿನ್ನು, ನಾಕು ಎಳ್ಳು,
ಯಾರದೋ ಹರಿದ ಟಿಕೀಟು.
ನನ್ನ ಮನೀ ಡಬ್ಬಿಯಿಂದ ಹಾಕಿದ್ರ ಮುಗೀತದ,
ಆದ್ರ ಅದು ತಾಳೆ ಅಲ್ಲ, ಸುಳ್ಳು.
ಪೆನ್ಸಿಲಿಲೆ ಬರೀತೀನಿ, ಇವತ್ತಿನ ತಾರೀಖು ಹಾಕಿ:
ಕಮ್ಮಿ, ನಲವತ್ತು.
ಹುಡುಕಬೇಕು.