ಸಾಲಿನಲ್ಲಿ ನಾಲ್ಕನೆಯದು

ತೋಡೂರು ಕಾಲನಿಯಿಂದ ರಿಕ್ಷಾದಲ್ಲಿ
ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು
ಚಾದರ ಸುತ್ತಿ ತಂದಳು ಕ್ಯಾಬಿನೆಟ್ಟು.
ಹೆಸರು ತನಿಷಾ ತಾಂಡೇಲ. ಪಿಯುಸಿ ಎರಡನೇ ವರ್ಷ.
ಬದಿಗೆ ಗಾಜು, ಒಳಗೆ ಆರು ಫ್ಯಾನು.
ಮೂರು ಬಣ್ಣಬಣ್ಣ, ಮೂರು ಕುರುಡು.
"ಮೂರೂ ಸತ್ತಿವೆ ಮಾಮಾ, ಹೊಸದು ಎಷ್ಟಾಗುತ್ತೆ?"

ಸತ್ತಿಲ್ಲ. ತಿರುಗುತ್ತಿವೆಯಲ್ಲ, ನೋಡು.
ಗಾಳಿಯ ತಂತಿ ಬೇರೆ, ಬೆಳಕಿನ ತಂತಿ ಬೇರೆ.

ಬೈತಕೋಲದ ಬೋಟುಗಳಲ್ಲಿ ಇಪ್ಪತ್ತೆರಡು ವರ್ಷ
ವಾಯರ್‌ಲೆಸ್ಸು, ಮೀನು ತೋರಿಸುವ ಪೆಟ್ಟಿಗೆ ಬಿಚ್ಚಿದ ಕೈ ಇದು.
ಈಗ ಕಾಜುಬಾಗದಲ್ಲಿ ಒಂದು ಶಟರು, ಒಂದು ಮೇಜು,
ಹತ್ತಿರದ್ದು ಕಾಣದ ಕಣ್ಣು.

ಮೊದಲು ಕಡ್ಡಿ ಎಣಿಸಿದೆ.
ಮೂರು. ನಡುವೆ ಹಲ್ಲು ಬಿದ್ದ ಹಾಗೊಂದು ಸಂದು.
ಇದು ಐದು ವೋಲ್ಟಿನ ಜಾತಿ.
ಪಕ್ಕದಲ್ಲೇ ನಾಲ್ಕು ಕಡ್ಡಿಯ ಹನ್ನೆರಡು ವೋಲ್ಟು ಕಾದು ಕೂತಿರುತ್ತೆ;
ಅವಸರಕ್ಕೆ ಅಲ್ಲಿ ಒತ್ತಿದರೆ
ಒಂದು ಸಣ್ಣ ವಾಸನೆ, ಆಮೇಲೆ ಎಂದೂ ಬಣ್ಣವಿಲ್ಲ.
ಅವಳು ಒತ್ತಿರಲಿಲ್ಲ. ಜಾಣೆ.

ಒಂದನೆಯದರ ಬಾಲ ಎರಡನೆಯದರ ಬಾಯಿಗೆ,
ಎರಡನೆಯದರದು ಮೂರಕ್ಕೆ.
ಹಾಗೆ ಕೋದಿದ್ದಳು ಆರನ್ನೂ.
"ಆದರೆ ಮಾಮಾ, ನಾಲ್ಕನೆಯದಕ್ಕೆ
ತಾನು ನಾಲ್ಕು ಅಂತ ಹೇಳಿದ್ದು ಯಾರು?"

ಯಾರೂ ಹೇಳಿಲ್ಲ.
ರಂಪಣಿ ಎಳೆಯುವುದು ನೋಡಿದ್ದೀಯಾ? ಇಲ್ಲ, ನಿನ್ನ ಆಯಿ ನೋಡಿರಬಹುದು.
ನನ್ನ ಅಪ್ಪ ತೆಂಕಣ ಹಗ್ಗದಲ್ಲಿ ಹನ್ನೊಂದನೆಯವ.
ಎಳೆದು ಮುಗಿದ ಮೇಲೆ ನಮ್ಮ ಕೇರಿಯಲ್ಲಿ
ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು.
ಮೊದಲಿನವ ತನ್ನ ಪಾಲು ತೆಗೆದು ಮಿಕ್ಕಿದ್ದು ಮುಂದಕ್ಕೆ,
ಅವನ ಪಕ್ಕದವ ತನ್ನ ಪಾಲು, ಮಿಕ್ಕಿದ್ದು ಮುಂದಕ್ಕೆ.
ಯಾವ ಬಂಗುಡೆಯ ಮೇಲೂ ಯಾರ ಹೆಸರೂ ಇರಲಿಲ್ಲ.
ದೀಪವೂ ಹಾಗೇ. ಬಂದ ರಾಶಿಯಿಂದ ಮೂರು ಅಂಕಿ,
ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು
ಇಟ್ಟುಕೊಂಡು ಉಳಿದದ್ದು ದಾಟಿಸುತ್ತೆ.
ನಿಂತ ಜಾಗವೇ ಅದರ ವಿಳಾಸ.
ಕಿತ್ತು ಎರಡನೆಯ ಜಾಗಕ್ಕೆ ಹಾಕು, ಅದು ಎರಡು.
ಹಳೆಯದು ನೆನಪಿರುವುದಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ನಮ್ಮಜ್ಜಿಗೆ ನೆನಪಿದೆ.
ಆಧಾರ್ ಕಾರ್ಡಿನಲ್ಲಿ ಪ್ಲಾಟ್ ನಂಬರು ಇದ್ದರೂ
ಯಾರು ಕೇಳಿದರೂ ಅರ್ಗಾ ಅನ್ನುತ್ತಾಳೆ."
ಅರ್ಗಾದಲ್ಲಿ ಈಗ ನೌಕಾನೆಲೆಯ ಗೋಡೆ.

ನಾನು ಸ್ಪಿರಿಟ್ಟಿನ ಬಾಟಲಿ ಹುಡುಕತೊಡಗಿದೆ.

ಮೂರನೆಯದರ ಬಾಲ ಎಳೆದು ಟಾರ್ಚಿಗೆ ಹಿಡಿದರೆ
ನಡುಗಡ್ಡಿಗೆ ಹಸಿರು ಕಿಲುಬು. ಉಪ್ಪುಗಾಳಿ.
ಇಲ್ಲಿ ಅದು ಬೀಗ ತಿನ್ನುತ್ತೆ, ಸೈಕಲ್ಲು ತಿನ್ನುತ್ತೆ,
ಗಾಜಿನ ಪೆಟ್ಟಿಗೆಗೂ ನುಗ್ಗುತ್ತೆ.
ಒಬ್ಬ ದಾಟಿಸದೆ ನಿಂತರೆ
ಅವನಾಚೆಯವರೆಲ್ಲ ಉಪವಾಸ.

ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದೆ, ಊದಿದೆ, ಮತ್ತೆ ಉಜ್ಜಿದೆ.
ಒತ್ತಿದಾಗ ಟಕ್ಕೆಂದಿತು.
ನಾಲ್ಕು ಬಂತು. ಐದೂ ಆರೂ ಅದರ ಬೆನ್ನಿಗೇ.
ಅವಳ ಕೂಗಿಗೆ ಪಕ್ಕದ ಬೇಕರಿಯ ಸದಾನಂದ ಗುನಗಿ
ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದ.

ಮೇಲಿನದೊಂದು ಫ್ಯಾನು ಬೆನ್ನು ತಿರುಗಿಸಿ ಕೂತಿತ್ತು,
ಒಳಗಿನ ಬಿಸಿಯನ್ನು ಒಳಕ್ಕೇ ದೂಡುತ್ತ.
ಅದನ್ನೂ ಮಗುಚಿ ಹಾಕಿದೆ. ದುಡ್ಡಿಲ್ಲ ಅದಕ್ಕೆ.

"ಮೊದಲ ಬಣ್ಣ ನಿಮ್ಮದು ಮಾಮಾ. ಯಾವುದು?"
ಅಪ್ಪನ ಬಲೆಯ ಬಣ್ಣ ಅಂದೆ.
ತೊಗಟೆ ಕುದಿಸಿದ ಹಂಡೆಯಲ್ಲಿ ಅದ್ದಿ ತೆಗೆದ ಕಂದು.
ಅವಳು ಪರದೆಯ ಮೇಲೆ ಎಳೆದಳು:
ಕೆಂಪು ನೂರು, ಹಸಿರು ನಲವತ್ತು, ನೀಲಿ ಸೊನ್ನೆ.
ಕಿತ್ತಳೆ ಬಂತು.
ಇಳಿಸಿದಳು. ಮಂಕು ಕಿತ್ತಳೆ.
ಇನ್ನೂ ಇಳಿಸಿದಳು. ಆರಲಿರುವ ಕೆಂಡ.
ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣ ಅಂತ ಡಬ್ಬಿಯ ಮೇಲಿದೆಯಂತೆ.
ಕಂದು ಇಲ್ಲ.

ಬಿಡು, ಅಂದೆ. ನೂರೈವತ್ತು ಕೊಡು ಸಾಕು.
ಅವಳು ಬಿಡಲಿಲ್ಲ. ಕೆಂಪು ಅರವತ್ತು, ಹಸಿರು ಇಪ್ಪತ್ತೆರಡು,
ನೀಲಿ ಒಂದೇ ಒಂದು, ಎರಡು.
ಹೊರಗೆ ರಿಕ್ಷಾದವ ಹಾರ್ನು ಹೊಡೆಯುತ್ತಲೇ ಇದ್ದ.