ಹೆದೆಯ ಸದ್ದು

ಅರಸೀಕೆರೆ, ರೈಲ್ವೆ ಮೈದಾನ.
ಗೋಡೆಯಾಚೆ ಗೂಡ್ಸ್ ಗಾಡಿ ನಿಂತಿದೆ.
ಬಿಲ್ಲಿಗೆ ಹೊಸದಾಗಿ ಹಾಕಿಸಿದ ಕಡ್ಡಿ,
ತುದಿಯಲ್ಲಿ ಹೆದೆ ತಡೆಯುವ ರಬ್ಬರು.

ಮೊದಲೆಲ್ಲ ಹೆದೆ ಮುಂಗೈಗೆ ಬಾರಿಸುತ್ತಿತ್ತು.
ಅಕ್ಕನ ಮದುವೆಗೆ ತುಂಬುತೋಳಿನ ರವಿಕೆ ಹೊಲಿಸಿದ್ದೆ.
ಈಗ ಬಾಸುಂಡೆಯಿಲ್ಲ. ಸದ್ದೂ ಇಲ್ಲ.
ಥಟ್. ಅಷ್ಟೇ.

‘ಲಾಭವೇ ಅಲ್ವೇನೇ ಸುಗಂಧಿ?’
ಎಂದರು ಕೋಚ್ ಬೋರಲಿಂಗಯ್ಯ.
‘ತೂಕ ಒಂಚೂರು ಜಾಸ್ತಿ ಸಾರ್.
ರಬ್ಬರಿಗೂ ಹೆದೆಗೂ ನಡುವೆ
ಬಸ್ ಟಿಕೇಟು ತೂರುವಷ್ಟು ಸಂದು ಬೇಕು,
ಒತ್ತಿಕೊಂಡರೆ ಬಾಣ ಕೆಡುತ್ತೆ.’

ಹೇಳದೆ ನುಂಗಿದ್ದು ಬೇರೆ:
ಬಾಣ ಹೋದ ಮೇಲೂ ಹೆದೆ
ಕಿವಿಯ ಹತ್ತಿರ ಗುಂಯ್‌ಗುಡುತ್ತಿತ್ತು.
ಭುಜ ತಪ್ಪಿತೋ, ಉಸಿರು ತಪ್ಪಿತೋ
ಅದೇ ಹೇಳುತ್ತಿತ್ತು.
ಈಗ ಗುರಿಹಲಗೆವರೆಗೂ ನಡೆದು
ನೋಡಿಯೇ ತಿಳಿಯಬೇಕು.

ನಡೆಯುತ್ತಿದ್ದೆ. ಗೂಡ್ಸ್ ಹೊರಟಿತು.
ಕೊಂಡಿಯಿಂದ ಕೊಂಡಿಗೆ ಅದುರು ದಾಟಿ ದಾಟಿ
ಬಾಣಾವರದ ಕಡೆಗೆ
ಎಷ್ಟು ಹೊತ್ತು ಕೇಳಿಸಿತು!