ಉಪ್ಪುಸೇತುವೆ, ನಾಲ್ಕನೇ ಮೇಜು

ಡುಲೂತಿನ ಚರ್ಚಿನ ನೆಲಮಾಳಿಗೆ. ಜನವರಿ.
ಹೊರಗೆ ಸರೋವರ ಹೆಪ್ಪುಗಟ್ಟುವ ಸದ್ದು,
ಒಳಗೆ ಆರು ಮೇಜು, ಒಂದೇ ಕಾಫಿ ಹಂಡೆ.
ಇವತ್ತು ಇದೇ ಕಥೆಯನ್ನು
ವಿನಿಪೆಗ್ಗಿನಲ್ಲಿ, ಒಮಾಹಾದಲ್ಲಿ, ಲೀಡ್ಸಿನಲ್ಲಿ
ಯಾರುಯಾರೋ ಇದೇ ಮಾತಲ್ಲಿ ಓದುತ್ತಿದ್ದಾರೆ:
ನೂರಾ ಹನ್ನೆರಡು ಮೇಜು, ಲೋಕ ಒಂದು.
ನಾಲ್ಕು ತಾಸಿನೊಳಗೆ ಮುಗಿಯಬೇಕು,
ಒಂದಕ್ಷರ ತಿದ್ದುವಂತಿಲ್ಲ.
ಪಂಚಾಂಗ ಓದುವವನ ಹಾಗೆ ನಾನು:
ಗ್ರಹಣ ನನ್ನ ಕೈಲಿಲ್ಲ.

ಮೇಜಿಗೆ ಬಂದವರು:
ಹಿಮ ಗೋರುವ ಲಾರಿಯ ಟೋಲೆಫ್‌ಸನ್,
ಅವನ ಕೊಡಲಿವೀರನಿಗೀಗ ಹನ್ನೊಂದು ವರ್ಷ;
ಹಲ್ಲಿನ ಆಸ್ಪತ್ರೆಯ ಆರ್ಡಿಸ್, ಇಲ್ಲಿ ಕಳ್ಳಿ;
ಗಡಿ ದಾಟಿ ಥಂಡರ್ ಬೇಯಿಂದ ವಿಲ್ಮಾ ಕೊಸ್ಕಿ,
ಮಾತು ಕಮ್ಮಿ, ಕಡತ ದಪ್ಪ,
ಐವತ್ತು ಊರಿನ ಸಹಿ, ಒಂದೊಂದು ಚಿನ್ನದ ನಾಣ್ಯಕ್ಕೂ ರಸೀದಿ;
ಮತ್ತೆ ಐನೋ, ಹದಿಮೂರು, ಮೊದಲ ಸಲ.
ಎರವಲು ಪಾತ್ರ, ಎರವಲು ದಾಳ.
ಪಾತ್ರದ ಹೆಸರಿನ ಜಾಗದಲ್ಲಿ
ತನ್ನದೇ ಹೆಸರು ಬರೆದುಬಿಟ್ಟಿದ್ದ.

ಹೊಳೆ ಏರುತ್ತದೆ. ಸುಂಕದ ಕಟ್ಟೆಯಲ್ಲಿ
ಹುಡುಗಿಯೊಬ್ಬಳು ದೀಪ ಹಿಡಿದು ನಿಂತಿರುತ್ತಾಳೆ.
ಪುಟ ಒಂಬತ್ತು: ದಾರಿ ತೋರಿಸುತ್ತಾಳೆ.
ಪುಟ ಹದಿನಾಲ್ಕು: ಇಲ್ಲ.
ಏಳು ಸಲ ಓದಿದ್ದೆ ಇದನ್ನು, ಏಳು ಮೇಜಿಗೆ.
ಏಳು ಸಲವೂ ದಾರಿ ಕೇಳಿ ನಡೆದರು.
ಐನೋ ಕೇಳಿದ: ನಿನ್ನ ಹೆಸರೇನು?

ಪುಸ್ತಕದಲ್ಲಿ ಹೆಸರಿರಲಿಲ್ಲ.
ಗೋಡೆ ನೋಡಿದೆ. ಕಪಾಟು ನೋಡಿದೆ.
ಬಿಸ್ಕತ್ತಿನ ಹಳೇ ಡಬ್ಬಿ, ಮೇಲೊಂದು ಹಳದಿ ಹೂ,
ಹೂವಿನ ಕೆಳಗೆ ಸಣ್ಣ ಅಕ್ಷರ.
ಟ್ಯಾನ್ಸಿ, ಅಂದೆ.
ಅಂದದ್ದೇ ತಡ,
ನಾಲ್ವರೂ ಕುರ್ಚಿ ಮುಂದೆಳೆದುಕೊಂಡರು.

ಆಮೇಲೆ ನೀರು.
ಆರ್ಡಿಸ್ ಹಗ್ಗ ಬಿಗಿದಳು. ಟೋಲೆಫ್‌ಸನ್,
ಕೈ ಖಾಲಿ ಬೇಕು ಅಂತ,
ಹನ್ನೊಂದು ವರ್ಷದ ಕೊಡಲಿಯನ್ನು ಹೊಳೆಗೆಸೆದ.
ಐನೋ ಧುಮುಕಿದ. ಇಪ್ಪತ್ತು ಮುಖದ ದಾಳ
ಉರುಳಿ ಉರುಳಿ ಎರಡರಲ್ಲಿ ನಿಂತಿತು.
ಕಾಫಿ ಹಂಡೆ ಮಾತ್ರ ಗೊರಗುಟ್ಟುತ್ತಿತ್ತು.
ವಿಲ್ಮಾ ಕಡತ ಬಿಚ್ಚಿ, ಹುಡುಕಿ,
ಒಂದು ಹಾಳೆ ತೆಗೆದಳು: ಮೂರು ವರ್ಷದ ಹಿಂದಿನ ವರ,
ಬಿದ್ದ ಗರವನ್ನು ಮತ್ತೆ ಹಾಕಬಹುದು, ಒಂದೇ ಸಲ.
ಯಾರಿಗಾಗಿ ಕೂಡಿಟ್ಟಿದ್ದಳೋ.
ಪೆನ್ನಿನಿಂದ ಅಡ್ಡಗೆರೆ ಎಳೆದು,
ಹಾಕು ಮಗೂ, ಅಂದಳು.
ಹತ್ತೊಂಬತ್ತು.

ವರದಿಯ ಹಾಳೆಯಲ್ಲಿ ಎರಡೇ ಚೌಕ:
ಸೇತುವೆ ಉಳಿಯಿತು. ಸೇತುವೆ ಬಿತ್ತು.
ಉಳಿಯಿತು, ಎಂದು ಗುರುತಿಟ್ಟೆ.
ಹುಡುಗಿಗೆ ಚೌಕವಿಲ್ಲ, ಅಂಚಿನಲ್ಲಿ ಬರೆದೆ.
ಅಂಚನ್ನು ಯಾರು ಓದುತ್ತಾರೆ.

ಮಾರ್ಚಿನಲ್ಲಿ ಎಣಿಕೆ ಬಂತು:
ಬಿತ್ತು ಎಪ್ಪತ್ತೊಂದು, ಉಳಿಯಿತು ನಲವತ್ತೊಂದು.
ಹೊಳೆಗೂ ಬಹುಮತವಿದೆ.
ಮುಂದಿನ ಕಥೆಯ ಮೊದಲ ಸಾಲು, ಗಟ್ಟಿಯಾಗಿ ಓದಬೇಕಾದದ್ದು:
ಸೇತುವೆಯ ಮೇಲಿದ್ದ ಯಾರೂ ಬದುಕಲಿಲ್ಲ.
ಓದಿದೆ. ತಿದ್ದಲಿಲ್ಲ.
‘ಯಾರೂ’ ಅನ್ನುವಾಗ ಗಂಟಲು ಸ್ವಲ್ಪ ಕಟ್ಟಿತು,
ನೆಗಡಿ ಇತ್ತು ಅಂತಲೂ ಹೇಳಬಹುದು.

ಐನೋ ತನ್ನ ಹಾಳೆ ನೋಡಿಕೊಂಡ.
ಟ್ಯಾನ್ಸಿ ಬದುಕಿದ್ದಾಳೆ. ಕೆಳಗೆ ನನ್ನ ಸಹಿ.
ರಬ್ಬರು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.
ಸಂತೆಯಲ್ಲಿ ಏನು ಕೊಳ್ಳುತ್ತೀಯ ಅಂದರೆ
ರೊಟ್ಟಿ, ಎರಡು, ಅಂದ.
ಒಬ್ಬನಿಗೆ ಎರಡೇಕೆ ಎಂದು ಆರ್ಡಿಸ್ ಕೇಳಲಿಲ್ಲ.
ತಾನೂ ಎರಡು ಕೊಂಡಳು.

ಮರುವರ್ಷದ ಚಳಿ, ಫಾರ್ಗೋ, ಹೆದ್ದಾರಿ ಪಕ್ಕದ ಹೋಟೆಲು.
ಅಪರೂಪಕ್ಕೆ ಆಡುವವನಾಗಿ ಕೂತಿದ್ದೆ.
ಎದುರಿಗೆ ಗುರುತಿಲ್ಲದ ಒಬ್ಬ, ಬೂಟಿನ ತುಂಬ ರಸ್ತೆಯ ಉಪ್ಪು,
ತನ್ನ ಚೀಲದ ಪಟ್ಟಿ ಓದುತ್ತಿದ್ದ:
ಹಗ್ಗ, ಪಂಜು, ರೊಟ್ಟಿ ಎರಡು.
ಎರಡನೇದು ಯಾರಿಗೆ? ನಡೆಸುವವಳು ಕೇಳಿದಳು.
ಟ್ಯಾನ್ಸಿಗೆ.
ಯಾರವಳು?
ಗೊತ್ತಿಲ್ಲ. ನಮ್ಮ ಕಡೆ ಒಯ್ಯುವುದು ವಾಡಿಕೆ.
ಅವಳು ಭಾರ ಕೂಡಿಸಿ ನೋಡಿದಳು, ಅರ್ಧ ಪೌಂಡು ಹೆಚ್ಚು,
ಪರವಾಗಿಲ್ಲ ಅಂದು
ಸಹಿ ಹಾಕಿದಳು.